ಹೆಸರು ತಿಳಿಯಲಿಲ್ಲ ಎಂದು ಬರೆಯಲು ಕರಾರಿನಲ್ಲಿ ಜಾಗ ಬೇಕು

ಸಸ್ಯಶಾಸ್ತ್ರದ ವಿದ್ಯಾರ್ಥಿಗಳು, ಪರಿಸರ ಸಲಹಾ ಸಂಸ್ಥೆಗಳ ಕ್ಷೇತ್ರ ಸಿಬ್ಬಂದಿ ಮತ್ತು ಕೆಲವು ವಕೀಲರು ಸೇರಿದ್ದ ಸಭೆಯೊಂದರಲ್ಲಿ ಬಳ್ಳಾರಿಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಕೊನೆಯಲ್ಲಿ ಕೇಳಿಬಂದ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ. ಇಂದು ನಾನು ಮಾತನಾಡಲು ಆರಿಸಿಕೊಂಡಿರುವುದು ಕರಾರು ಪತ್ರದ ಒಂದೇ ಒಂದು ಸಾಲನ್ನು ಕುರಿತು. ಗಣಿಯಿರಲಿ, ಕಾರ್ಖಾನೆಯಿರಲಿ, ಹೆದ್ದಾರಿಯಿರಲಿ, ಯೋಜನೆಯೊಂದಕ್ಕೆ ಬೇಕಾದ ಸಸ್ಯ ಸಮೀಕ್ಷೆಯನ್ನು ಯಾರಿಗಾದರೂ ವಹಿಸಿಕೊಡುವಾಗ ಬರೆಯುವ ಪತ್ರದಲ್ಲಿ ಹಣ ಪಾವತಿಯ ಕಂತುಗಳು, ವರದಿಯ ಪ್ರತಿಗಳ ಸಂಖ್ಯೆ, ತಡವಾದರೆ ವಿಧಿಸುವ ದಂಡ ಇವೆಲ್ಲ ಪುಟಗಟ್ಟಲೆ ಬಂದ ಮೇಲೆ, ಮುಖ್ಯ ಕೆಲಸದ ಬಗ್ಗೆ ಮಾತ್ರ ಹೀಗೊಂದು ಸಾಲು ಇರುತ್ತದೆ: "ಅಧ್ಯಯನ ಪ್ರದೇಶದಲ್ಲಿ ಕಂಡುಬರುವ ಎಲ್ಲ ಸಸ್ಯಗಳನ್ನೂ ಪ್ರಭೇದ ಮಟ್ಟದವರೆಗೆ ಗುರುತಿಸಿ ಪಟ್ಟಿ ಸಲ್ಲಿಸತಕ್ಕದ್ದು." ಓದುವವರಿಗೆ ಇದು ಬಹಳ ಕಟ್ಟುನಿಟ್ಟಾದ ಷರತ್ತು ಎನಿಸುತ್ತದೆ. ಆದರೆ ತಪ್ಪು ಹೆಸರುಗಳು ನಮ್ಮ ವರದಿಗಳೊಳಗೆ ಸೇರಿಕೊಳ್ಳಲು ಬಹುಪಾಲು ಕಾರಣ ಈ ಸಾಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೂವಿಲ್ಲದ, ಕಾಯಿಲ್ಲದ, ಒಣಗಿದ ಗಿಡದ ಮುಂದೆ ನಿಂತ ಸಮೀಕ್ಷಕನಿಗೆ "ಇದು ತಿಳಿಯಲಿಲ್ಲ" ಎಂದು ಬರೆಯುವ ಅವಕಾಶವನ್ನು ಈ ಸಾಲು ಕೊಡುವುದಿಲ್ಲ. ಬರೆದರೆ ಕೆಲಸ ಅಪೂರ್ಣವೆಂದು ಕಂತು ನಿಲ್ಲುತ್ತದೆ. ಅಂದಾಜಿನ ಹೆಸರೊಂದನ್ನು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ.

ಕಾನೂನು ಏನು ಕೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 2006ರ ಸೆಪ್ಟೆಂಬರ್ 14ರಂದು ಹೊರಡಿಸಲಾದ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ದೊಡ್ಡ ಯೋಜನೆಗಳಿಗೆ ಮುಂಚಿತವಾಗಿ ಪರಿಸರ ಅನುಮತಿ ಪಡೆಯಬೇಕು. ಅದಕ್ಕಾಗಿ ನಡೆಸುವ ಅಧ್ಯಯನದ ವ್ಯಾಪ್ತಿಯನ್ನು ನಿಗದಿಪಡಿಸುವ ನಿಬಂಧನೆಗಳನ್ನು ನಾವೆಲ್ಲ ಟಿಓಆರ್ ಎಂದು ಕರೆಯುತ್ತೇವೆ. ಗಣಿ ಯೋಜನೆಗಳ ಮಾದರಿ ಟಿಓಆರ್ ಪ್ರಕಾರ, ಗಣಿ ಗುತ್ತಿಗೆಯ ಪ್ರದೇಶವನ್ನು ಕೋರ್ ವಲಯವೆಂದೂ ಅದರ ಅಂಚಿನಿಂದ ಸುತ್ತಲಿನ 10 ಕಿಲೋಮೀಟರ್‌ವರೆಗಿನ ನೆಲವನ್ನು ಬಫರ್ ವಲಯವೆಂದೂ ಪರಿಗಣಿಸಿ, ಎರಡಕ್ಕೂ ಪ್ರತ್ಯೇಕವಾಗಿ, ನೇರ ಕ್ಷೇತ್ರ ಸಮೀಕ್ಷೆಯ ಆಧಾರದ ಮೇಲೆ, ಸಸ್ಯ ಮತ್ತು ಪ್ರಾಣಿಗಳ ವಿವರವನ್ನೂ, ಅಪಾಯದಂಚಿನ, ಸ್ಥಳೀಯಕ್ಕೆ ಸೀಮಿತವಾದ ಹಾಗೂ ವಿರಳ ಪ್ರಭೇದಗಳ ವಿವರವನ್ನೂ ದೃಢೀಕರಿಸಿ ಕೊಡಬೇಕು. ಗಮನಿಸಿ, ಇಲ್ಲಿನ ತೂಕ ಇರುವುದು ವಿರಳ ಮತ್ತು ಅಪಾಯದಲ್ಲಿರುವ ಸಸ್ಯಗಳು ಇವೆಯೇ ಎಂಬ ಪ್ರಶ್ನೆಯ ಮೇಲೆ. ಆ ಪ್ರಶ್ನೆಗೆ ಉತ್ತರ ಕಂಡುಹಿಡಿಯಲು ಗುರುತಿಸುವಿಕೆ ಒಂದು ಸಾಧನ. ಕರಾರಿನ ಸಾಲಿನೊಳಗೆ ಬರುವ ಹೊತ್ತಿಗೆ ಪ್ರಶ್ನೆ ಬಿಟ್ಟುಹೋಗಿ, ಪಟ್ಟಿಯ ಉದ್ದವಷ್ಟೇ ಉಳಿದಿರುತ್ತದೆ.

ಅದೇ ಮಾದರಿ ಟಿಓಆರ್‌ನಲ್ಲಿ ಇನ್ನೊಂದು ಷರತ್ತಿದೆ. ಗಾಳಿ, ನೀರು, ಶಬ್ದ, ಮಣ್ಣಿನ ಜೊತೆಗೆ ಸಸ್ಯ ಮತ್ತು ಪ್ರಾಣಿಗಳ ಮೂಲ ಮಾಹಿತಿಯನ್ನೂ ಮಳೆಗಾಲವಲ್ಲದ ಒಂದು ಋತುವಿನಲ್ಲಿ ಸಂಗ್ರಹಿಸಬೇಕು: ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ಡಿಸೆಂಬರ್, ಇಲ್ಲವೇ ಡಿಸೆಂಬರ್‌ನಿಂದ ಫೆಬ್ರವರಿ. ಗಾಳಿಯಲ್ಲಿನ ದೂಳನ್ನು ಅಳೆಯುವವರಿಗೆ ಮಳೆಗಾಲ ಬೇಡವೆಂಬುದು ಸರಿಯಾದ ಮಾತು, ಮಳೆ ದೂಳನ್ನು ತೊಳೆದುಬಿಡುತ್ತದೆ. ಆದರೆ ಸಂಡೂರಿನ ಗುಡ್ಡಗಳ ಸಣ್ಣ ಗಿಡಗಳ ಲೆಕ್ಕ ಬೇರೆ. ಮೃಗಶಿರಾ ಮಳೆ ಬಿದ್ದು ಮೊಳೆತು, ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ ಹೂವು ಬಿಟ್ಟು, ಚಿತ್ತಿ, ಸ್ವಾತಿ ಮುಗಿಯುವುದರೊಳಗೆ ಬೀಜ ಉದುರಿಸಿ ಒಣಗುವ ಗಿಡಗಳು ಇಲ್ಲಿ ಹೇರಳವಾಗಿವೆ. ಹುಲ್ಲುಗಳು, ಜೇಕಿನ ಬಳಗ, ತುಂಬೆಯ ಬಳಗ, ಗಡ್ಡೆಯಿಂದ ಚಿಗುರಿ ಕೆಲವೇ ವಾರ ನೆಲದ ಮೇಲೆ ಕಾಣಿಸಿಕೊಳ್ಳುವ ಸಿರೋಪೀಜಿಯದಂಥ ಬಳ್ಳಿಗಳು ಈ ಗುಂಪಿನವು. ಮೂರು ಅವಧಿಗಳಲ್ಲಿ ಅಕ್ಟೋಬರ್‌ನದನ್ನು ಆರಿಸಿಕೊಂಡವರಿಗೆ ಇವುಗಳಲ್ಲಿ ಹಲವು ಸಿಗುತ್ತವೆ. ಮೇ ತಿಂಗಳನ್ನು ಆರಿಸಿಕೊಂಡವರಿಗೆ ಸಿಗುವುದು ಕಡ್ಡಿ ಮತ್ತು ಕಲ್ಲು. ಇಷ್ಟು ಹೇಳಿದ ಮೇಲೆ, ಬೇಸಿಗೆ ನಿಷ್ಪ್ರಯೋಜಕ ಎಂದು ಯಾರೂ ತಿಳಿಯಬಾರದು. ಮುತ್ತುಗ, ಅರಿಶಿನ ಬೂರುಗ ಮುಂತಾದ ಮರಗಳು ಎಲೆ ಉದುರಿಸಿ ಹೂವು ಬಿಡುವುದು ಆಗಲೇ, ದೂರದಿಂದಲೇ ಅವುಗಳ ಲೆಕ್ಕ ಹಿಡಿಯಬಹುದು. ಒಂದೇ ಋತು ಎಲ್ಲ ಸಸ್ಯಗಳಿಗೂ ಸಾಲದು ಎಂಬುದಷ್ಟೇ ನನ್ನ ಮಾತು. ಟಿಓಆರ್ ಒಂದು ಋತುವನ್ನು ಕಡ್ಡಾಯ ಮಾಡಿದೆಯೇ ಹೊರತು ಎರಡನೆಯದನ್ನು ನಿಷೇಧಿಸಿಲ್ಲ. ಮಳೆಗಾಲದ ಭೇಟಿಯನ್ನು ಕರಾರಿನಲ್ಲಿ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಗುರುತಿಸುವುದು ಎಂದರೆ ಕೈಯಲ್ಲಿ ಏನು ಮಾಡಬೇಕಾಗುತ್ತದೆ ಎಂಬುದನ್ನು ವಕೀಲ ಮಿತ್ರರಿಗಾಗಿ ಒಂದು ಗಿಡದ ಮೂಲಕ ವಿವರಿಸುತ್ತೇನೆ. ತುಂಬೆ ಎಲ್ಲರಿಗೂ ಗೊತ್ತು. ಆದರೆ ತುಂಬೆಯ ಕುಲವಾದ ಲ್ಯೂಕಾಸ್‌ನಲ್ಲಿ ಹಲವು ಪ್ರಭೇದಗಳಿವೆ, ಎಲ್ಲವೂ ಬಿಳಿ ಹೂವಿನವು, ಎಲೆಗಳಿಂದ ಅವುಗಳನ್ನು ಬೇರ್ಪಡಿಸುವುದು ನಂಬಿಕೆಗೆ ಅರ್ಹವಾದ ದಾರಿಯಲ್ಲ. ಹೂಗೊಂಚಲಿನಿಂದ ಒಂದು ಹೂವನ್ನು ಬಿಡಿಸಿ, ಬಿಳಿ ದಳವನ್ನು ತೆಗೆದಿಟ್ಟು, ಉಳಿದ ಹಸಿರು ಪುಷ್ಪಪಾತ್ರೆಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದ ಕೆಳಗೆ ಹಿಡಿಯಬೇಕು. ಅದರ ಬಾಯಿ ನೇರವಾಗಿದೆಯೇ ಓರೆಯಾಗಿದೆಯೇ, ಅಂಚಿನ ಹಲ್ಲುಗಳು ಒಂದೇ ಸಮನಾಗಿವೆಯೇ, ಇಲ್ಲ ಒಂದು ಹಲ್ಲು ಉದ್ದವಾಗಿ ಚಾಚಿದೆಯೇ, ಒಳಬಾಯಲ್ಲಿ ರೋಮಗಳಿವೆಯೇ ಎಂದು ನೋಡಬೇಕು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಗಿಡವಾದರೆ ಮೊದಲು ಅದನ್ನು ನೀರಿನಲ್ಲಿ ತೊಳೆಯಬೇಕಾಗುತ್ತದೆ, ಏಕೆಂದರೆ ಕೆಂಪು ದೂಳು ಕೂತ ರೋಮಗಳು ಮಸೂರದಲ್ಲೂ ಕಾಣುವುದಿಲ್ಲ. ಜೇಕಿನ ಬಳಗದಲ್ಲಿ ನೋಡಬೇಕಾದುದು ಸಾಸಿವೆಗಿಂತ ಸಣ್ಣದಾದ ಕಾಯಿಯ ಆಕಾರವನ್ನು: ಮೂರು ಮೂಲೆಯದೋ ಚಪ್ಪಟೆಯದೋ ಎಂದು. ಹುಲ್ಲುಗಳಿಗೆ ತೆನೆಯ ಒಂದೊಂದು ಕಿರುತೆನೆಯನ್ನೂ ಬಿಡಿಸಬೇಕು. ಈ ಅಂಗಗಳು ಗಿಡದ ಮೇಲೆ ಇಲ್ಲದ ದಿನ ಎಷ್ಟೇ ಅನುಭವಿಯಾದ ಸಸ್ಯಶಾಸ್ತ್ರಜ್ಞನೂ ಕುಲದ ಹೆಸರನ್ನು ಹೇಳಿ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲುವುದೇ ಅವನ ವಿದ್ಯೆಯ ಲಕ್ಷಣ.

ಹಾಗಾದರೆ ಎಷ್ಟರಮಟ್ಟಿಗೆ ಗುರುತಿಸಿದರೆ ಸಾಕು? ಈ ಪ್ರಶ್ನೆಗೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಸಸ್ಯ ಸಮೀಕ್ಷೆಗಾಗಿ ಹೊರಡಿಸಿ, 2018ರಲ್ಲಿ ಪರಿಷ್ಕರಿಸಿದ ವಿಧಾನ ಪತ್ರದಲ್ಲಿ ಬಹಳ ಉಪಯುಕ್ತವಾದ ಉತ್ತರವಿದೆ. ಪ್ರದೇಶದಲ್ಲಿ ಕಂಡ ಪ್ರತಿಯೊಂದು ಸಸ್ಯವನ್ನೂ, ಅದು ವಿರಳವೇ, ಕಾನೂನಿನ ಪಟ್ಟಿಗೆ ಸೇರಿದೆಯೇ ಎಂದು ತೀರ್ಮಾನಿಸಲು ಅಗತ್ಯವಾದ ಮಟ್ಟದವರೆಗೆ ಗುರುತಿಸಬೇಕು ಎನ್ನುತ್ತದೆ ಅದು. ಕೆಲವು ಗಿಡಗಳಿಗೆ ಆ ಮಟ್ಟ ಕುಲವೇ ಆಗಬಹುದು, ಇನ್ನು ಕೆಲವಕ್ಕೆ ಪ್ರಭೇದವನ್ನೂ ದಾಟಿ ಉಪಪ್ರಭೇದದವರೆಗೆ ಹೋಗಬೇಕಾಗಬಹುದು. ಅದೇ ಪತ್ರ ಇನ್ನೊಂದು ಒಳ್ಳೆಯ ಅಭ್ಯಾಸವನ್ನು ಹೇಳುತ್ತದೆ: ಹುಡುಕುತ್ತಿರುವ ವಿರಳ ಸಸ್ಯ ಬೆಳೆಯುವುದೆಂದು ಈಗಾಗಲೇ ಗೊತ್ತಿರುವ ಹತ್ತಿರದ ತಾಣಕ್ಕೆ ಮೊದಲು ಹೋಗಿ, ಈ ವರ್ಷ ಅಲ್ಲಿ ಅದು ಎದ್ದಿದೆಯೇ, ಹೂವು ಬಿಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಗೊತ್ತಿರುವ ತಾಣದಲ್ಲೇ ಎದ್ದಿಲ್ಲವಾದರೆ, ಯೋಜನೆಯ ಜಾಗದಲ್ಲಿ ಕಾಣಲಿಲ್ಲ ಎಂಬ ಮಾತಿಗೆ ಬೆಲೆಯಿಲ್ಲ. ಮಳೆ ಕೈಕೊಡುವುದು ಹೊಸತಲ್ಲದ ನಮ್ಮ ನಾಡಿಗೆ ಈ ಮಾತು ಅಲ್ಲಿಗಿಂತ ಹೆಚ್ಚು ಅನ್ವಯಿಸುತ್ತದೆ ಎಂದು ನನಗೆ ಅನಿಸುತ್ತದೆ.

ಈ ತತ್ವವನ್ನು ನಮ್ಮ ಗುಡ್ಡಗಳಿಗೆ ಇಟ್ಟು ನೋಡೋಣ. ಬಳ್ಳಾರಿ ಜಾಲಿಯ ಪೊದೆಗೆ ಯಾವ ಋತುವಿನಲ್ಲಾದರೂ ಪ್ರಭೇದದ ಹೆಸರು ಕೊಡಬಹುದು, ಶ್ರೀಗಂಧಕ್ಕೂ ಅಷ್ಟೆ. ತೆನೆ ಹಾಕದ ಎಳೆ ಹುಲ್ಲೊಂದು ಸಿಕ್ಕಿತೆನ್ನಿ. ಅದರ ಕುಲ ತಿಳಿದಿದ್ದು, ಆ ಕುಲದಲ್ಲಿ ಈ ಭಾಗದಿಂದ ವಿರಳವಾದ ಯಾವ ಪ್ರಭೇದವೂ ದಾಖಲಾಗಿಲ್ಲವಾದರೆ, ಕುಲದ ಹೆಸರಿಗೆ ನಿಂತರೂ ತೀರ್ಮಾನಕ್ಕೆ ಕೊರತೆಯಿಲ್ಲ. ಆದರೆ ಕಲ್ಲುನೆಲದಲ್ಲಿ ಎಲೆಯುದುರಿಸಿ ನಿಂತ ಕಮಿಫೋರಾ ಕುಲದ ಮುಳ್ಳುಪೊದೆ ಸಿಕ್ಕರೆ ಅಲ್ಲಿಗೆ ನಿಲ್ಲುವಂತಿಲ್ಲ. ಈ ಕುಲದಲ್ಲೇ ಗುಗ್ಗುಳವಿದೆ. ರಾಜಸ್ಥಾನ, ಗುಜರಾತುಗಳ ಜೊತೆಗೆ ಕರ್ನಾಟಕದ ಒಣನೆಲದಿಂದಲೂ ಅದು ವರದಿಯಾಗಿದೆ, ಮತ್ತು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಸಸ್ಯಗಳ ಸಾಲಿಗೆ ಸೇರಿಸಲಾಗಿದೆ. ಅದರ ದಾಯಾದಿಗಳಲ್ಲಿ ಬೇಲಿಗೆ ನೆಡುವಷ್ಟು ಸಾಮಾನ್ಯವಾದವೂ ಇವೆ. ವರ್ಷದ ಬಹುಪಾಲು ಎಲೆಯಿಲ್ಲದೆ ನಿಲ್ಲುವ ಈ ಪೊದೆಗಳನ್ನು "ಕಮಿಫೋರಾ ಕುಲ" ಎಂದಷ್ಟೇ ಬರೆದರೆ ಅನುಮತಿ ಕೊಡುವವರಿಗೆ ಏನೂ ತಿಳಿಯುವುದಿಲ್ಲ. ಅಂದಾಜಿನಿಂದ ಸಾಮಾನ್ಯ ಪ್ರಭೇದದ ಹೆಸರು ಬರೆದರೆ ತಪ್ಪು ತಿಳಿಯುತ್ತದೆ. ಚಿಗುರುವ ಕಾಲಕ್ಕೆ ಮತ್ತೆ ಹೋಗಿ ನೋಡುವುದೊಂದೇ ದಾರಿ. ಸಮೀಕ್ಷಕನ ಶ್ರಮವೂ ಮಾಲೀಕನ ಹಣವೂ ಖರ್ಚಾಗಬೇಕಾದದ್ದು ಇಂಥ ಕಡೆ.

ಕೆಲವು ಕರಾರುಗಳಲ್ಲಿ "ಎಲ್ಲ" ಎಂಬ ಪದಕ್ಕೆ ಬದಲಾಗಿ ಶೇಕಡಾ ಪ್ರಮಾಣ ಹಾಕುತ್ತಾರೆ, ಶೇಕಡಾ 90 ಸಸ್ಯಗಳನ್ನು ಗುರುತಿಸಿದರೆ ಸಾಕು ಎಂದು. ಇದು ಉದಾರವಾದ ಷರತ್ತಿನಂತೆ ಕಂಡರೂ ನನಗೆ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಶೇಕಡಾ 90 ಎಂದರೆ ಯಾವುದರಲ್ಲಿ? ಎಣಿಸಿದ ಗಿಡಗಳಲ್ಲೋ, ಪ್ರಭೇದಗಳ ಸಂಖ್ಯೆಯಲ್ಲೋ, ನೆಲ ಮುಚ್ಚಿದ ವಿಸ್ತಾರದಲ್ಲೋ? ಗಿಡಗಳ ಎಣಿಕೆಯಲ್ಲಿ ಎಂದಾದರೆ, ತಂಗಡಿ, ಬಂದರಿಕೆ, ತುಗ್ಗಲಿ, ಬಳ್ಳಾರಿ ಜಾಲಿ ಇಷ್ಟನ್ನು ಗುರುತಿಸಿದರೆ ಅನೇಕ ಗುಡ್ಡಗಳಲ್ಲಿ ಗುರಿ ಮುಟ್ಟಿಬಿಡಬಹುದು. ಅಪರೂಪದ ಗಿಡ ಎಲ್ಲಿದ್ದರೂ ಉಳಿದ ಶೇಕಡಾ 10ರಲ್ಲೇ ಇರುತ್ತದೆ, ಏಕೆಂದರೆ ಅಪರೂಪವೆಂದರೆ ಎಣಿಕೆಯಲ್ಲಿ ಕಡಿಮೆ ಇರುವುದು ಎಂದೇ ತಾನೆ. ಯಾವುದನ್ನು ಹುಡುಕಲೆಂದು ಹೊರಟೆವೋ ಅದನ್ನೇ ಬಿಟ್ಟುಬಿಡಲು ಕರಾರಿನಲ್ಲೇ ಅನುಮತಿ ಕೊಟ್ಟಂತಾಗುತ್ತದೆ.

ಸಮೀಕ್ಷೆಯ ವಿಧಾನವೂ ಇದೇ ದೋಷಕ್ಕೆ ಒಳಗಾಗಿದೆ. ಮರಗಳಿಗೆ 10 ಮೀಟರ್ ಚೌಕ, ಪೊದೆಗಳಿಗೆ 5 ಮೀಟರ್ ಚೌಕ, ಸಣ್ಣ ಗಿಡಗಳಿಗೆ 1 ಮೀಟರ್ ಚೌಕ ಹಾಕಿ ಎಣಿಸುವ ಕ್ವಾಡ್ರಾಟ್ ಪದ್ಧತಿ ಒಂದು ಕಾಡಿನ ಸಾಂದ್ರತೆಯನ್ನೂ ಸಾಮಾನ್ಯ ಸಸ್ಯಗಳ ಪ್ರಮಾಣವನ್ನೂ ತಿಳಿಯಲು ಬಹಳ ಒಳ್ಳೆಯದು. ವಿರಳ ಗಿಡವನ್ನು ಹುಡುಕಲು ಅದು ಹುಟ್ಟಿದ್ದಲ್ಲ. ಗಣಿ ಗುತ್ತಿಗೆಯನ್ನು ಒಂದು ಚುಕ್ಕೆಯೆಂದು ಹಿಡಿದರೂ 10 ಕಿಲೋಮೀಟರ್ ತ್ರಿಜ್ಯದೊಳಗಿನ ವಿಸ್ತೀರ್ಣ ಸುಮಾರು 314 ಚದರ ಕಿಲೋಮೀಟರ್ ಆಗುತ್ತದೆ. ಅದರಲ್ಲಿ 1 ಮೀಟರಿನ 40 ಚೌಕಗಳನ್ನು ಹಾಕಿದರೆ ನಾವು ಕಣ್ಣಿಟ್ಟು ನೋಡಿದ್ದು 40 ಚದರ ಮೀಟರನ್ನು. ಗುಡ್ಡದ ನೆತ್ತಿ, ನೆರಳಿನ ಕಣಿವೆ, ಹಳ್ಳದ ದಂಡೆ, ಬಂಡೆಯ ಬಿರುಕು, ಎರೆ ಹೊಲದ ಬದು, ಮಸಾರಿ ನೆಲದ ಗೋಮಾಳ, ಹೀಗೆ ಪ್ರತಿಯೊಂದು ಬಗೆಯ ಜಾಗದಲ್ಲೂ ನಡೆದಾಡಿ ಕಣ್ಣಿಗೆ ಬಿದ್ದ ಪ್ರತಿ ಸಸ್ಯವನ್ನೂ ದಾಖಲಿಸುವ ಹುಡುಕಾಟವೇ ಬೇರೆ ಕೆಲಸ. ನಾರಿಹಳ್ಳದ ದಂಡೆಯಲ್ಲಿ ಸಿಗುವ ಗಿಡಗಳಿಗೂ ದೋಣಿಮಲೈನ ಬಿಸಿಲುಗುಡ್ಡದ ಗಿಡಗಳಿಗೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕರಾರಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಿ, ಎರಡಕ್ಕೂ ಬೇರೆ ದಿನಗಳನ್ನು ಇಡಬೇಕು.

ಇನ್ನು "ದೃಢೀಕರಣ"ದ ವಿಷಯ. ಟಿಓಆರ್ ಕೇಳುವ ದೃಢೀಕರಣ ಎಷ್ಟೋ ವರದಿಗಳಲ್ಲಿ ಬೆರಳಚ್ಚಾದ ಪಟ್ಟಿಯ ಕೊನೆಯಲ್ಲಿ ಅಧಿಕಾರಿಯೊಬ್ಬರ ಅಥವಾ ಅಧ್ಯಾಪಕರೊಬ್ಬರ ಸಹಿ ಮತ್ತು ಮೊಹರಿನ ರೂಪ ತಾಳಿದೆ. ಇದನ್ನು ನಾನು ಒಪ್ಪಲಾರೆ. ಗಿಡವನ್ನು ಕಾಣದೆ ಗಿಡದ ಹೆಸರನ್ನು ದೃಢೀಕರಿಸುವುದು, ರೋಗಿಯನ್ನು ನೋಡದೆ ಔಷಧಿ ಚೀಟಿಗೆ ಸಹಿ ಹಾಕಿದಂತೆ. ದೃಢೀಕರಿಸಬೇಕಾದುದು ಮಾದರಿಯನ್ನು. ಹೂವು ಅಥವಾ ಕಾಯಿ ಸಹಿತ ಕಿತ್ತ ರೆಂಬೆಯನ್ನು ದಿನಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಸಂಗ್ರಹಿಸಿದ ದಿನ, ಸ್ಥಳ, ಅಕ್ಷಾಂಶ ರೇಖಾಂಶ, ಹೂವಿನ ಬಣ್ಣ, ಸಂಗ್ರಾಹಕರ ಕ್ರಮಸಂಖ್ಯೆ ಬರೆದು, ಸಸ್ಯಾಗಾರವೊಂದರಲ್ಲಿ ಇರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಥ ಸಸ್ಯಾಗಾರವಿದೆ, ಕೊಯಮತ್ತೂರಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ವಲಯದ ದೊಡ್ಡ ಸಂಗ್ರಹವಿದೆ. ಮಾದರಿಯಿದ್ದರೆ ಇಪ್ಪತ್ತು ವರ್ಷದ ಮೇಲೂ ಇನ್ನೊಬ್ಬರು ತೆರೆದು ನೋಡಿ ಹೆಸರು ಸರಿಯೇ ತಪ್ಪೇ ಹೇಳಬಲ್ಲರು. ಮೀಸಲು ಅರಣ್ಯದಲ್ಲಿ ಗಿಡ ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದನ್ನು ಯಾರು, ಯಾವಾಗ ಪಡೆಯಬೇಕೆಂದು ಕರಾರು ಹೇಳದಿದ್ದರೆ ಸಮೀಕ್ಷಕರು ಮೊಬೈಲ್ ಚಿತ್ರಗಳನ್ನಷ್ಟೇ ಹಿಡಿದು ವಾಪಸಾಗುತ್ತಾರೆ, ಆ ಚಿತ್ರಗಳಲ್ಲಿ ತುಂಬೆಯ ಪುಷ್ಪಪಾತ್ರೆಯ ಬಾಯಿ ಕಾಣುವುದಿಲ್ಲ. ಅಪರೂಪದ ಗಿಡ ಒಂದೋ ಎರಡೋ ಇದ್ದಲ್ಲಿ ಮಾತ್ರ ಕೀಳದೆ, ಅಂಗಾಂಗಗಳ ವಿವರವಾದ ಚಿತ್ರಗಳಿಗೆ ತೃಪ್ತಿಪಡಬೇಕು.

ವರದಿಗಳಲ್ಲಿ ಪದೇಪದೇ ಕಾಣುವ ಇನ್ನೊಂದು ವಾಕ್ಯ, "ವನ್ಯಜೀವಿ ಕಾಯಿದೆಯ ಅನುಸೂಚಿಗೆ ಸೇರಿದ ಯಾವುದೇ ಸಸ್ಯ ಕಂಡುಬಂದಿಲ್ಲ" ಎಂಬುದು. 1991ರ ತಿದ್ದುಪಡಿಯಿಂದ ಸಸ್ಯಗಳಿಗೆ ರಕ್ಷಣೆ ಬಂದಾಗಿನಿಂದ 2022ರ ತಿದ್ದುಪಡಿಯವರೆಗೆ ಆ ಅನುಸೂಚಿಯಲ್ಲಿದ್ದುದು ಆರೇ ನಮೂದುಗಳು: ಕಡಪಾ ಭಾಗದ ಗುಡ್ಡಗಳ ಒಂದು ಸೈಕಾಸ್, ಹಿಮಾಲಯದ ಕುಠ್, ಖಾಸಿ ಬೆಟ್ಟಗಳ ಹೂಜಿ ಗಿಡ, ಮತ್ತು ಮೂರು ಬಗೆಯ ಸೀತಾಳೆಗಳು. ಇವು ಬಳ್ಳಾರಿಯ ಗುಡ್ಡಗಳಲ್ಲಿ ಬೆಳೆಯುವ ಸಸ್ಯಗಳೇ ಅಲ್ಲ. ಅಷ್ಟು ವರ್ಷ ಇಲ್ಲಿನ ವರದಿಗಳಲ್ಲಿ ಆ ವಾಕ್ಯವನ್ನು ಕ್ಷೇತ್ರಕ್ಕೆ ಕಾಲಿಡದೆಯೇ ಬರೆಯಬಹುದಾಗಿತ್ತು. ಆದ್ದರಿಂದ ಯಾವ ಪಟ್ಟಿಗೆ ಹೋಲಿಸಿ "ವಿರಳವಲ್ಲ" ಎನ್ನುತ್ತಿದ್ದೇವೆ ಎಂಬುದನ್ನು ಕರಾರು ಹೆಸರಿಸಬೇಕು, ಮತ್ತು ಆ ಪಟ್ಟಿ ಈ ನೆಲದ ಸಸ್ಯಗಳನ್ನು ಒಳಗೊಂಡದ್ದಾಗಿರಬೇಕು.

ಗುರುತಿಸಲು ಬಳಸುವ ಗ್ರಂಥವನ್ನೂ ಹೆಸರಿಸಬೇಕು. ಗ್ಯಾಂಬಲ್ ಆರಂಭಿಸಿ ಫಿಷರ್ ಪೂರ್ಣಗೊಳಿಸಿದ, 1915ರಿಂದ 1936ರವರೆಗೆ ಭಾಗಭಾಗವಾಗಿ ಪ್ರಕಟವಾದ ಮದರಾಸು ಪ್ರಾಂತ್ಯದ ಸಸ್ಯಕೋಶ ಇಂದಿಗೂ ನಮ್ಮ ಕೈಗೆ ಬರುವ ಒಳ್ಳೆಯ ಸಾಧನ, ಏಕೆಂದರೆ 1953ರವರೆಗೆ ಬಳ್ಳಾರಿ ಮದರಾಸಿಗೆ ಸೇರಿತ್ತು. ತುಂಗಭದ್ರೆ ದಾಟಿದರೆ ಸಿಗುವ ಕೊಪ್ಪಳ, ರಾಯಚೂರುಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಆ ಗ್ರಂಥದ ವ್ಯಾಪ್ತಿಯ ಹೊರಗೆ. ಮೇಲಾಗಿ ಹೆಸರುಗಳು ಬದಲಾಗಿವೆ. ಅಕೇಶಿಯಾ ಎಂದು ಓದಿದ ಕರಿಜಾಲಿ ಈಗ ವಾಕೆಲಿಯಾ ಕುಲದಲ್ಲಿದೆ. ಪ್ರೊಸೋಪಿಸ್ ಜೂಲಿಫ್ಲೋರಾ ಎಂದೇ ನಮ್ಮ ಬಾಯಿಗೆ ಬರುವ ಬಳ್ಳಾರಿ ಜಾಲಿಯನ್ನು 2022ರಲ್ಲಿ ನೆಲ್ಟುಮಾ ಕುಲಕ್ಕೆ ಸೇರಿಸಲಾಯಿತು. ಹಳೆಯ ಹೆಸರೊಮ್ಮೆ, ಹೊಸ ಹೆಸರೊಮ್ಮೆ ಬರೆದ ಪಟ್ಟಿಯಲ್ಲಿ ಒಂದೇ ಮರ ಎರಡಾಗಿ ಎಣಿಕೆಯಾಗುತ್ತದೆ.

ಈಗ ಕರಾರು ಕಾನೂನಿಗೆ ಬರುತ್ತೇನೆ. ವಕೀಲರು ನನ್ನನ್ನು ತಿದ್ದಬಹುದು. 1872ರ ಭಾರತೀಯ ಕರಾರು ಕಾಯಿದೆಯ 29ನೇ ಕಲಮು, ಅರ್ಥ ಖಚಿತವಲ್ಲದ, ಖಚಿತಪಡಿಸಿಕೊಳ್ಳಲೂ ಬಾರದ ಒಪ್ಪಂದ ಶೂನ್ಯ ಎನ್ನುತ್ತದೆ. ಅಲ್ಲಿನ ದೃಷ್ಟಾಂತದಲ್ಲಿ ಒಬ್ಬ ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರಲು ಒಪ್ಪುತ್ತಾನೆ. ಯಾವ ಎಣ್ಣೆ ಎಂದು ತಿಳಿಯುವ ದಾರಿಯಿಲ್ಲದ್ದರಿಂದ ಒಪ್ಪಂದ ನಿಲ್ಲುವುದಿಲ್ಲ. ಮಾರುವವನು ತೆಂಗಿನೆಣ್ಣೆಯ ವ್ಯಾಪಾರಿ ಮಾತ್ರವೇ ಆಗಿದ್ದರೆ ಅರ್ಥ ಖಚಿತವಾಗುತ್ತದೆ. ಗಣಿ ಪುನಶ್ಚೇತನದ ಸಸಿ ಪೂರೈಕೆಗೆ ಈ ದೃಷ್ಟಾಂತ ನೇರವಾಗಿ ಹೊಂದುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಷರತ್ತುಗಳೊಡನೆ ದಾರಿ ಮಾಡಿಕೊಟ್ಟ ಮೇಲೆ, ಪ್ರತಿ ಗುತ್ತಿಗೆಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ತ್ಯಾಜ್ಯದ ದಿಬ್ಬಗಳ ಮೇಲೆ ಗಿಡ ನೆಡುವುದು ಅದರ ಭಾಗ. ಸಸಿ ಕೊಳ್ಳುವ ಪತ್ರದಲ್ಲಿ "ಜಾಲಿ" ಎಂದಷ್ಟೇ ಇದ್ದರೆ ಕರಿಜಾಲಿಯೂ ಬರಬಹುದು, ಬಿಳಿಜಾಲಿಯೂ ಬರಬಹುದು, ಹೊರನಾಡಿನಿಂದ ಬಂದು ಈ ನೆಲವನ್ನು ಆವರಿಸಿಕೊಂಡ ಬಳ್ಳಾರಿ ಜಾಲಿಯೂ ಬರಬಹುದು. ಅಲ್ಲಿ ವೈಜ್ಞಾನಿಕ ಹೆಸರನ್ನು ಪ್ರಭೇದದವರೆಗೆ ಬರೆಯಲೇಬೇಕು, ಏಕೆಂದರೆ ಬೀಜ ಎಲ್ಲಿಂದ ತಂದೆನೆಂದು ಪೂರೈಸುವವನಿಗೆ ಗೊತ್ತಿರುತ್ತದೆ. ಸಮೀಕ್ಷೆಯಲ್ಲಿ ಹಾಗಲ್ಲ. ಅಸಾಧ್ಯವಾದುದನ್ನು ಮಾಡಿಕೊಡುವ ಒಪ್ಪಂದ ಶೂನ್ಯ ಎನ್ನುವ 56ನೇ ಕಲಮಿಗೆ ಕಾಯಿದೆ ಕೊಡುವ ದೃಷ್ಟಾಂತ, ಮಾಟದಿಂದ ನಿಧಿ ಹುಡುಕಿಕೊಡುವುದು. ಮೇ ತಿಂಗಳಲ್ಲಿ ಎಲ್ಲ ಗಿಡಗಳನ್ನೂ ಪ್ರಭೇದದವರೆಗೆ ಗುರುತಿಸುವ ಷರತ್ತನ್ನು ನ್ಯಾಯಾಲಯ ಆ ಸಾಲಿಗೆ ಸೇರಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬರೆಯುವವರೂ ಸಹಿ ಹಾಕುವವರೂ ಆ ದೃಷ್ಟಾಂತವನ್ನು ಒಮ್ಮೆ ಓದಲಿ ಎಂದು ಬಯಸುತ್ತೇನೆ.

ತಪ್ಪು ಹೆಸರಿನ ಹೊಣೆ ಸಮೀಕ್ಷಕನೊಬ್ಬನ ಮೇಲೆ ಮಾತ್ರ ಬೀಳುವುದಿಲ್ಲ. 2006ರ ಅಧಿಸೂಚನೆಯ ಪ್ರಕಾರ, ಉದ್ದೇಶಪೂರ್ವಕವಾಗಿ ಮಾಹಿತಿ ಮುಚ್ಚಿಟ್ಟರೆ ಅಥವಾ ತೀರ್ಮಾನಕ್ಕೆ ಮುಖ್ಯವಾದ ಸುಳ್ಳು, ದಾರಿತಪ್ಪಿಸುವ ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕೃತವಾಗಬಹುದು, ಕೊಟ್ಟ ಅನುಮತಿಯೂ ರದ್ದಾಗಬಹುದು. "ತಿಳಿಯಲಿಲ್ಲ" ಎಂಬ ನಮೂದಿಗೆ ಹಣ ಕಡಿತ ಮಾಡುವ ಕಂಪನಿ ತನ್ನ ಅನುಮತಿಯನ್ನೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಿದೆ ಎಂಬುದನ್ನು ಅದರ ಕಾನೂನು ವಿಭಾಗಕ್ಕೆ ಯಾರಾದರೂ ಹೇಳಬೇಕು.

ಹಾಗಾದರೆ ಸಾಲು ಹೇಗಿರಬೇಕು? ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: "ಪ್ರದೇಶದ ಪ್ರತಿಯೊಂದು ಬಗೆಯ ಆವಾಸದಲ್ಲೂ ನಡೆದಾಡಿ ಹುಡುಕತಕ್ಕದ್ದು, ಭೇಟಿಗಳಲ್ಲಿ ಒಂದು ಉತ್ತರಿ ಮಳೆಯ ಆಸುಪಾಸಿನ ಸೆಪ್ಟೆಂಬರಿನಲ್ಲೂ ಒಂದು ಬೇಸಿಗೆಯಲ್ಲೂ ಇರತಕ್ಕದ್ದು. ಕಂಡ ಪ್ರತಿ ಸಸ್ಯವನ್ನೂ, ಕೆಳಗೆ ಹೆಸರಿಸಿದ ಪಟ್ಟಿಗಳ ಪ್ರಕಾರ ಅದು ವಿರಳವೇ ಅಲ್ಲವೇ ಎಂದು ತೀರ್ಮಾನಿಸಲು ಅಗತ್ಯವಾದ ಮಟ್ಟದವರೆಗೆ ಗುರುತಿಸತಕ್ಕದ್ದು. ಆ ಮಟ್ಟ ತಲುಪದ ಸಸ್ಯಗಳನ್ನು ಕಾರಣ, ಸ್ಥಳ ಮತ್ತು ಮಾದರಿ ಸಂಖ್ಯೆಯೊಡನೆ ಪ್ರತ್ಯೇಕ ಪಟ್ಟಿಯಲ್ಲಿ ಕೊಡತಕ್ಕದ್ದು. ಅದಕ್ಕಾಗಿ ಹಣ ಕಡಿತ ಮಾಡತಕ್ಕದ್ದಲ್ಲ. ಅವುಗಳಲ್ಲಿ ವಿರಳವಾಗಿರಬಹುದಾದ ಸಸ್ಯವಿದ್ದರೆ, ಒಪ್ಪಿದ ದಿನದರದಲ್ಲಿ ಮರುಭೇಟಿ ನೀಡತಕ್ಕದ್ದು." ಇದರಲ್ಲಿ ಕೊನೆಯ ವಾಕ್ಯವೇ ಜೀವಾಳ. ಮರುಭೇಟಿಗೆ ದರ ಮೊದಲೇ ನಿಗದಿಯಾಗಿದ್ದರೆ, ತಿಳಿಯಲಿಲ್ಲ ಎಂದು ಬರೆಯುವವನಿಗೆ ನಷ್ಟವಿಲ್ಲ, ಸುಮ್ಮಸುಮ್ಮನೆ ಬರೆದು ಕೆಲಸ ತಪ್ಪಿಸಿಕೊಳ್ಳುವ ಸೋಮಾರಿಗೂ ದಾರಿಯಿಲ್ಲ, ಏಕೆಂದರೆ ಅವನು ಕಾರಣವನ್ನೂ ಮಾದರಿಯನ್ನೂ ಒದಗಿಸಲೇಬೇಕು.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು, "ಸರ್, ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರಾರು ತಿದ್ದುವ ಅಧಿಕಾರ ನಮಗಿರುವುದಿಲ್ಲ. ಆಗ ಏನು ಮಾಡಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಸ್ಯಶಾಸ್ತ್ರದಲ್ಲಿ ಅನುಮಾನವನ್ನು ದಾಖಲಿಸುವ ಒಪ್ಪಿತ ಚಿಹ್ನೆಗಳಿವೆ, ಅವನ್ನು ಬಳಸಿರಿ ಎಂದೆ. ಕುಲ ಮತ್ತು ಪ್ರಭೇದದ ಹೆಸರುಗಳ ನಡುವೆ "ಸಿಎಫ್." ಎಂದು ಬರೆದರೆ ಈ ಪ್ರಭೇದವನ್ನು ಹೋಲುತ್ತದೆ, ಮಾದರಿಯೊಡನೆ ಹೋಲಿಸಿ ನೋಡಬೇಕು ಎಂದರ್ಥ, "ಆಫ್." ಎಂದರೆ ಹತ್ತಿರದ್ದು, ಆದರೆ ಬಹುಶಃ ಅದೇ ಅಲ್ಲ, ಕುಲದ ಮುಂದೆ "ಎಸ್‌ಪಿ." ಎಂದರೆ ಪ್ರಭೇದ ತಿಳಿದಿಲ್ಲ. ನಿಮ್ಮ ಕ್ಷೇತ್ರ ಪುಸ್ತಕದಲ್ಲಿ ಈ ಚಿಹ್ನೆಗಳನ್ನು ದಿನಾಂಕದೊಡನೆ ಬರೆದಿಡಿ. ಮೇಲಿನವರು ಅಂತಿಮ ಪಟ್ಟಿಯಲ್ಲಿ ಅವನ್ನು ಅಳಿಸಿದರೂ, ಪ್ರಶ್ನೆ ಎದ್ದ ದಿನ ನಿಮ್ಮ ಪುಸ್ತಕ ನಿಮ್ಮ ಪರವಾಗಿ ನಿಲ್ಲುತ್ತದೆ.

ಎರಡನೆಯ ಪ್ರಶ್ನೆ ಸಂಡೂರು ಕಡೆಯ ರೈತರೊಬ್ಬರದು: "ಊರ ಮಂದಿ ಈ ಪಟ್ಟಿ ಸರಿಯೋ ತಪ್ಪೋ ಹೆಂಗ ತಿಳ್ಕೋಬೇಕ್ರಿ?" ಕರಡು ವರದಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ನೋಡಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು, ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮೊದಲು ಸೂಚನೆ ಬರಬೇಕು ಎಂಬುದನ್ನು ಅವರಿಗೆ ತಿಳಿಸಿದೆ. ಆಲಿಕೆಯಲ್ಲಿ ಗಿಡದ ಲ್ಯಾಟಿನ್ ಹೆಸರು ಕಟ್ಟಿಕೊಂಡು ವಾದಿಸುವ ಅಗತ್ಯವಿಲ್ಲ. ಯಾವ ಯಾವ ದಿನ ಸಮೀಕ್ಷೆ ಮಾಡಿದಿರಿ, ಯಾವ ಹಳ್ಳ, ಯಾವ ಗುಡ್ಡದಲ್ಲಿ ನಡೆದಿರಿ, ಮಾದರಿಗಳು ಯಾವ ಸಸ್ಯಾಗಾರದಲ್ಲಿವೆ, ಅವುಗಳ ಸಂಖ್ಯೆಯೇನು, ಗುರುತು ಸಿಗದ ಗಿಡಗಳ ಪಟ್ಟಿ ಎಲ್ಲಿದೆ ಎಂದು ಕೇಳಬಹುದು. ಮಳೆಗಾಲದಲ್ಲಿ ತಮ್ಮ ಬದುವಿನಲ್ಲಿ ಏಳುವ, ವರದಿಯಲ್ಲಿ ಕಾಣದ ಗಿಡವನ್ನು ಕೈಯಲ್ಲಿ ಹಿಡಿದು ತೋರಿಸಲೂಬಹುದು. ಆ ಪ್ರಶ್ನೆಗಳು ನಡಾವಳಿಯಲ್ಲಿ ದಾಖಲಾಗಬೇಕು, ಆಲಿಕೆಯ ಕೊನೆಗೆ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅರ್ಜಿದಾರ ಕಂಪನಿ ಪ್ರತಿಯೊಂದಕ್ಕೂ ಉತ್ತರ ಬರೆದು ಅಂತಿಮ ವರದಿಗೆ ಸೇರಿಸಬೇಕು.